ವಾಯೇಜರ್ ಮತ್ತ ನಮ್ಮಪ್ಪನ ಫೋನು

ನಮ್ಮ ಸೇಡಂದಾಗ ಬ್ಯಾಸಗಿ ಬಂತಂದ್ರ ಕರೆಂಟ್ ಯಾವಾಗ ಹೋಗ್ತದ, ಯಾವಾಗ ಬರ್ತದ ಹೇಳಲಾಕ ಬರಂಗಿಲ್ಲ ನೋಡ್ರಿ. ಮನ್ಯಾಗ ಇನ್ವರ್ಟರ್ ಅದ, ಖರೆ, ಅದರ ಬ್ಯಾಟ್ರಿ ಹಳೀದಾಗ್ಯಾದ. ಅದಕ್ಕ ಕರೆಂಟ್ ಹೋದ ಕೂಡ್ಲೇ ನಾ ಒಂದೊಂದೇ ಬಂದ್ ಮಾಡ್ಕೋತ ಹೋಗ್ತೀನಿ. ಮೊದಲು ಟಿವಿ. ಆಮ್ಯಾಲ ಪಡಸಾಲಿ ಫ್ಯಾನು. ಆಮ್ಯಾಲ ಹೊರಗಿನ ಲೈಟು. ಕಡೀಕ ಉಳಿಯೋದು ಅಡಗಿಮನಿ ಒಂದು ಬಲ್ಬು, ಮತ್ತ ಫೋನ್ ಚಾರ್ಜ್ ಆಗೋ ಪಿನ್ನು. ಸೆಕಿ ತಡಕೋಬಹುದು, ಫೋನಿನ ಚಾರ್ಜ್ ಮಾತ್ರ ನಾ ಹೋಗಗೊಡಂಗಿಲ್ಲ. ಯಾಕಂದ್ರ ಮುಂಜಾನಿ ಆರೂವರಿಗಿ ವಾಡಿಗಿ ನಮ್ಮಪ್ಪಗ ಫೋನ್ ಹಚ್ಚಬೇಕು.

ಇದೇ ಲೆಕ್ಕ ನಮ್ಮಿಂದ ಸುಮಾರು 2500 ಕೋಟಿ ಕಿಲೋಮೀಟರ್ ದೂರದಾಗ ಬಿ ನಡೀಲಾಕತ್ತದ ಅಂದ್ರ ನೀವು ನಗ್ತೀರಿ. ವಾಯೇಜರ್ 1 ಅಂತ ಒಂದು ನೌಕೆ ಅದ. ಮನುಷ್ಯಾರು ಮಾಡಿ ಕಳಿಸಿದ ಸಾಮಾನಿನ್ಯಾಗ ಎಲ್ಲಕ್ಕಿಂತ ದೂರ ಹೋಗಿದ್ದು ಅದೇ. ಅದರ ಜೋಡಿ ವಾಯೇಜರ್ 2. ಮೊದಲು ಹೊಂಟಿದ್ದು ಎರಡನೇದು, 1977ರ ಆಗಸ್ಟ್ 20ಕ್ಕ. ಒಂದನೇದು ಹೊಂಟಿದ್ದು ಸೆಪ್ಟೆಂಬರ್ 5ಕ್ಕ, ಆದ್ರ ದಾರಿ ಸಮೀಪದ್ದು, ಮುಂದ ಹೋಗಿ ಬಿಡ್ತು. ಮಾಡಿದ್ದು ಐದು ವರ್ಷ ಬಾಳಲಿ ಅಂತ. ಈಗ 48 ವರ್ಷ ದಾಟ್ಯಾವ. ಅಲ್ಲಿ ಬಿಸಲಿಲ್ಲ, ಸೋಲಾರ್ ನಡ್ಯಂಗಿಲ್ಲ. ಅದಕ್ಕ ಪ್ಲುಟೋನಿಯಂ ಇಟ್ಟಾರ. ಅದು ಸವೀತ ಸವೀತ ಬಿಸಿ ಕೊಡ್ತದ, ಆ ಬಿಸಿಯಿಂದ ಕರೆಂಟು. ಹೊಂಟಾಗ ಸುಮಾರು 470 ವಾಟ್ ಇತ್ತು, ವರ್ಷಕ್ಕ ಸುಮಾರು 4 ವಾಟ್ ಕಮ್ಮಿ ಆಗ್ಕೋತ ಬಂದಾದ. ಹಂಗಂತ ಅಮೆರಿಕಾದ ಪಾಸಡೇನಾದಾಗ ಕುಂತ ಎಂಜಿನಿಯರಗಳು ಒಂದೊಂದೇ ಬಂದ್ ಮಾಡ್ಲಾಕತ್ತಾರ. ಮೊದಲು ಕ್ಯಾಮೆರಾ. ಆಮ್ಯಾಲ ಬಿಸಿ ಇಡೋ ಹೀಟರ್. ಆಮ್ಯಾಲ ಒಂದೊಂದು ಉಪಕರಣ. ಕಡೀತನ ಉಳಸಬೇಕಂತ ಇಟ್ಟಿದ್ದು ಮಾತಾಡೋ ರೇಡಿಯೋ. ಅದರ ಶಕ್ತಿ ಎಷ್ಟು ಗೊತ್ತದೇನ್ರಿ? ಸುಮಾರು 23 ವಾಟ್. ನಮ್ಮ ಅಡಗಿಮನಿ ಬಲ್ಬು ಇದ್ದಂಗ.

ನನಗ ಇದರ ಪರಿಚಯ ಆಗಿದ್ದು 1989ರಾಗ. ನಾ ವಾಡಿಯಿಂದ ರೈಲಿನ್ಯಾಗ ಶಹಾಬಾದಿಗಿ ಕಾಲೇಜಿಗಿ ಹೋಗ್ತಿದ್ದೆ. ಪಿಯುಸಿ ಎರಡನೇ ವರ್ಷ, ಸೈನ್ಸು. ಆಗಸ್ಟ್ ಕಡೀಗಿ ಒಂದಿನ ಫಿಸಿಕ್ಸ್ ಸರ್ ಪೇಪರಿನ ಒಂದು ತುಣುಕು ಕತ್ತರಿಸಿ ತಂದು ಬೋರ್ಡಿಗಿ ಹಚ್ಚಿದ್ರು. ನೆಪ್ಚೂನ್ ಫೋಟೋ. "ಹನ್ನೆರಡು ವರ್ಷದ ಹಿಂದ ಹೊಂಟಿದ್ದು ಈಗ ಮುಟ್ಟ್ಯಾದ. ಅಲ್ಲಿಂದ ಸುದ್ದಿ ಬರಲಾಕ ನಾಕು ತಾಸು ಬೇಕು" ಅಂದ್ರು. ನಾ ಆ ಫೋಟೋ ಮುಂದ ನಿಂತು ನಿಂತು ರೈಲು ತಪ್ಪಿಸಿಕೊಂಡಿದ್ದೆ. ಮುಂದ ಪಿಯುಸಿ ಮುಗೀತು, ಲಗ್ನ ಆತು, ಸೇಡಂಕ ಬಂದೆ. ಡಿಗ್ರಿ ಮಾಡಬೇಕಂತ ಆಸಿ ಇತ್ತು, ಆಗಲಿಲ್ಲ. ಅದರ ಬಗ್ಗೆ ಯಾರ ಮ್ಯಾಲೂ ಸಿಟ್ಟಿಲ್ಲ. ರೊಟ್ಟಿ ಬಡೀತ, ತೊಗರಿ ಬ್ಯಾಳಿ ಹಸನ ಮಾಡ್ತ, ಮಕ್ಕಳನ್ನ ಸಾಲಿಗಿ ಕಳಸ್ತ ಮೂವತ್ತು ವರ್ಷ ಹೋದವು. ಈಗ ಮಗಳು ಚಿಂಚೋಳಿ ಕಡಿ ಒಂದು ಹೈಸ್ಕೂಲಿನ್ಯಾಗ ವಿಜ್ಞಾನ ಕಲಸ್ತಾಳ. ಆಕಿ ಬಾಯಿಂದ ವಾಯೇಜರ್ ಮತ್ತ ನಮ್ಮನಿಗಿ ಬಂತು.

2022ರ ದೀಪಾವಳಿಗಿ ಅಪ್ಪ ನಮ್ಮನಿಗಿ ಬಂದಿದ್ದ. ಅಪ್ಪ ಅಂದ್ರ ವಾಡಿ ಜಂಕ್ಷನ್ನಿನ ಹಳೇ ಪಾಯಿಂಟ್ಸ್‌ಮನ್. ಮೂವತ್ತಾರು ವರ್ಷ ಕೈಯಾಗ ಹಸರು ಕೆಂಪು ದೀಪ ಹಿಡದು ದುಡದಾನ. ಮಗಳು ರಾಜ್ಯೋತ್ಸವಕ್ಕ ಸಾಲಿ ಹುಡುಗುರಿಗಿ ತೋರಸಲಾಕ ಚಾರ್ಟ್ ಮಾಡ್ಲಾಕತ್ತಿದ್ದಳು, ನಾ ಕರ್ಚಿಕಾಯಿ ಮಾಡ್ಕೋತ ಕುಂತಿದ್ದೆ. ಅಪ್ಪ ಕೇಳಿದ, "ಅಲ್ಲವಾ, ಇಷ್ಟು ವರ್ಷ ಎಂಜಿನ್ ನಡಸಲಾಕ ಎಣ್ಣಿ ಎಲ್ಲಿಂದ ತರ್ತಾರ?"

"ಎಂಜಿನ್ ಬಂದದ ಮುತ್ಯಾ. ಒಮ್ಮೆ ದೂಡಿ ಬಿಟ್ಟಾರ, ತಾನೇ ಹೊಂಟದ."

ಅಪ್ಪಗ ಫಟ್ ಅಂತ ತಿಳೀತು. "ಶಂಟಿಂಗ್ ಅನ್ನು ಮತ್ತ! ಎಂಜಿನ್ ಡಬ್ಬಿ ದೂಡ್ತದ, ಕೊಂಡಿ ಬಿಚ್ತೀವಿ, ಡಬ್ಬಿ ತಾನೇ ಉರುಳಿ ಹೋಗ್ತದ. ನಮ್ಮಲ್ಲಿ ಹಳಿ ತಿಕ್ಕಿ ನಿಲ್ತದ. ಅಲ್ಲಿ ತಿಕ್ಕಲಾಕ ಏನೂ ಇಲ್ಲ, ಹೌದಿಲ್ಲೋ?"

ಮಗಳು ನನ್ನ ಮಾರಿ ನೋಡಿದಳು. ಆಕಿ ಒಂದು ತಾಸು ಕ್ಲಾಸ್ ತಗೊಂಡು ಹೇಳೋದನ್ನ ಮುತ್ಯಾ ಒಂದೇ ಮಾತಿನ್ಯಾಗ ಹೇಳಿದ್ದ. ಆಕಿ ಮುಂದ ಹೇಳಿದಳು. ದಾರಿಯಾಗ ಒಂದೊಂದು ಗ್ರಹದ ಬಾಜು ಹಾದು ಹೋಗೋ ಮುಂದ ಆ ಗ್ರಹದ ಸೆಳೆತ ಇದಕ್ಕ ಇನ್ನೊಂದು ದೂಡು ಕೊಡ್ತದ, ದಿಕ್ಕು ಬಿ ತಿರುಗಸ್ತದ. ಗುರು, ಶನಿ, ಯುರೇನಸ್, ನೆಪ್ಚೂನ್ ನಾಕೂ ಅನುಕೂಲ ಆಗೋಹಂಗ ಸಾಲು ಬರೋದು 176 ವರ್ಷಕ್ಕ ಒಮ್ಮೆ. ಆ ಮುಹೂರ್ತ ಹಿಡದೇ ಕಳಿಸ್ಯಾರ. ವಾಯೇಜರ್ 2 ನಾಕೂ ಗ್ರಹ ಮುಟ್ಟಿತು. ವಾಯೇಜರ್ 1 ಮಾತ್ರ 1980ರಾಗ ಶನಿ ಹತ್ರ ಹೋದಾಗ ಟೈಟನ್ ಅನ್ನೋ ಚಂದ್ರನ್ನ ಸಮೀಪದಿಂದ ನೋಡಬೇಕಂತ ಆ ಕಡಿ ಹೊಳ್ಳಿತು. ಅದರಿಂದ ದಾರಿ ಬ್ಯಾರೆ ಆತು, ಮುಂದಿನ ಗ್ರಹ ಯಾವೂ ಸಿಗಲಿಲ್ಲ.

"ಜಂಕ್ಷನ್ ಅಂದ್ರ ಹಂಗೇ" ಅಂದ ಅಪ್ಪ. "ಒಂದು ಪಾಯಿಂಟ್ ಹಾಕಿದ್ರ ರಾಯಚೂರು, ಇನ್ನೊಂದು ಹಾಕಿದ್ರ ಸೇಡಂ, ತಾಂಡೂರು. ಎರಡೂ ಕಡಿ ಹೋಗತೀನಂದ್ರ ಗಾಡಿಗಿ ಆಗಂಗಿಲ್ಲ." ಹಂಗಂದು ನನ್ನ ಕಡಿ ನೋಡಿದ. ನಾ ತಲಿ ಕೆಳಗ ಹಾಕಿ ಕರ್ಚಿಕಾಯಿ ತುಂಬಿದೆ. ನನ್ನ ಡಿಗ್ರಿ ಅಂವಗ ಬಿ ನೆನಪಿತ್ತು ಅಂತ ಅವತ್ತು ಗೊತ್ತಾತು.

ಚಾರ್ಟಿನ ನಡುವ ಮಗಳು ಬಂಗಾರ ಬಣ್ಣದ ಕಾಗದ ತಟ್ಟಿಯಂಗ ದುಂಡಗ ಕತ್ತರಿಸಿ ಅಂಟಿಸಿದ್ದಳು. ಎರಡೂ ವಾಯೇಜರಿಗಿ ಬಂಗಾರದ ಲೇಪ ಕೊಟ್ಟ ತಾಮ್ರದ ರೆಕಾರ್ಡ್ ಒಂದೊಂದು ಕಟ್ಟ್ಯಾರ, ಹಳೇ ಗ್ರಾಮಫೋನ್ ತಟ್ಟಿ ಇದ್ದಂಗ. ಮುಂದ ಎಂದರ ಯಾರಿಗರ ಸಿಕ್ರ ನಾವು ಹಿಂಗಿದ್ದಿವಿ ಅಂತ ತಿಳೀಲಿ ಅಂತ. ಕಾರ್ಲ್ ಸಗಾನ್ ಅನ್ನೋ ವಿಜ್ಞಾನಿ ಮತ್ತ ಅವರ ಜೋಡಿಯವರು ಕೂಡಿ ಆರಿಸಿದ್ದು. ಮಳಿ ಸಪ್ಪಳ, ಹಕ್ಕಿ ದನಿ, ಕೂಸಿನ ಅಳು, 55 ಭಾಷಾದಾಗ ನಮಸ್ಕಾರ. ಅದರಾಗ ಕನ್ನಡ ಅದ ನೋಡ್ರಿ! ಶ್ರೀನಿವಾಸ ಉಪಾಧ್ಯಾಯ ಅನ್ನೋರು ಕನ್ನಡಿಗರ ಪರವಾಗಿ ಶುಭಾಶಯ ಹೇಳ್ಯಾರ. ಕೇಸರಬಾಯಿ ಕೇರ್ಕರ್ ಅವರ ಭೈರವಿ ಹಾಡು ಬಿ ಅದ. ವಾಯೇಜರ್ 1 ಹೊಂಟು ಹನ್ನೊಂದು ದಿನಕ್ಕ ಆ ಬಾಯಿಯವರು ತೀರಿಕೊಂಡ್ರು. ಅವರ ದನಿ ಇನ್ನಾ ಹೊಂಟೇ ಅದ.

"ಕನ್ನಡ ಒಂದೇ ಏನು?" ಅಂದ ಅಪ್ಪ.

ತೆಲುಗು, ಉರ್ದು, ಮರಾಠಿ, ಹಿಂದಿ ಎಲ್ಲಾ ಅವ ಅಂದಳು ಮಗಳು. ಅಪ್ಪಗ ಖುಷಿ ಆತು. ನಮ್ಮ ಕಡಿ ಮಂದಿಗಿ ಇದು ಹೇಳಿಕೊಡಬೇಕಾಗಿಲ್ಲ. ನಮ್ಮ ಓಣ್ಯಾಗ ಮುಂಜಾನಿ ತಾಂಡೂರಿನ ಕಾಯಿಪಲ್ಯದಾಕಿ ತೆಲುಗಿನ್ಯಾಗ ಕೂಗ್ತಾಳ, ಬಾಜು ಮನಿ ಖಾಲಾ ಉರ್ದುದಾಗ ಚೌಕಾಶಿ ಮಾಡ್ತಾಳ, ನಾ ಕನ್ನಡದಾಗ ತೂಕ ಸರಿ ಹಾಕು ಅಂತೀನಿ, ಮೂರೂ ಮಂದಿಗಿ ತಿಳೀತದ. ಲಂಬಾಣಿ ಮಾತು ಆ ತಟ್ಯಾಗ ಇಲ್ಲ. ಅದೊಂದು ಇದ್ರ ನಮ್ಮ ಸೇಡಂ ಸಂತಿನೇ ಹೋಗಿತ್ತು ಅಂತ ನಾ ಅಂದೆ. ಮಗಳು ತನ್ನ ಭಾಷಣಕ್ಕ ಮಳಖೇಡ ಸೇರಿಸಿದಳು. ಕನ್ನಡದಾಗ ಸಿಕ್ಕ ಎಲ್ಲಕ್ಕಿಂತ ಹಳೇ ಪುಸ್ತಕ 'ಕವಿರಾಜಮಾರ್ಗ' ರಾಷ್ಟ್ರಕೂಟರ ಆ ಮಳಖೇಡದಾಗ ಹುಟ್ಟಿದ್ದು, ನಮ್ಮ ತಾಲೂಕಿನ್ಯಾಗ. ಅದೇ ಕನ್ನಡ ಈಗ ಎಷ್ಟು ದೂರ ಹೋಗ್ಯಾದ ನೋಡ್ರಿ ಅಂತ.

"ಯಾರೂ ಕೇಳಲಾರದ ಜಾಗಾಕ್ಕ ಕಳಿಸಿ ಏನ್ ಮಾಡೋದದ?" ಅಂತ ನಾ ಕೇಳಿದೆ. ಅಪ್ಪ ಸನ್ನತಿ ನೆನಪು ಮಾಡಿದ. ಚಿತ್ತಾಪುರ ತಾಲೂಕಿನ ಸನ್ನತಿ ಚಂದ್ರಲಾ ಪರಮೇಶ್ವರಿ ನಮ್ಮ ತವರಿನ ಮನಿದೇವರು. ಅಲ್ಲಿ ಕಾಳಿ ಗುಡಿ ಪೀಠದ ಕಲ್ಲಿನ ಮ್ಯಾಲ ಅಶೋಕ ಚಕ್ರವರ್ತಿ ಬರಸಿದ ಅಕ್ಷರ ಇದ್ವು. 1980ರ ದಶಕದಾಗ ಅದು ಹೊರಗ ಬಂತು. "ನಾ ಸಣ್ಣಾಂವ ಇದ್ದಾಗಿಂದ ಅದೇ ಕಲ್ಲಿಗಿ ನಮಸ್ಕಾರ ಮಾಡೀನಿ. ಎರಡು ಸಾವಿರ ವರ್ಷದ ಮ್ಯಾಲ ಓದೋರು ಬಂದ್ರು. ಬರದಾಂವಗ ಇದು ಗೊತ್ತಿತ್ತೇನು? ಬರದ, ಅಷ್ಟೇ" ಅಂದ.

ಮರುದಿನ ಬಾಂಡಿ ತಿಕ್ಕಲಾಕತ್ತಾಗ ಮಗಳು ನನಗ ಸಿಂಕಿನ್ಯಾಗೇ ಸೂರ್ಯಮಂಡಲದ ಅಂಚು ತೋರಿಸಿದಳು. ನೀವು ಬಿ ನೋಡ್ರಿ. ತಾಟು ಬೋರಲ ಇಟ್ಟು ನಳ ಬಿಟ್ರ, ನೀರು ಬಿದ್ದ ಜಾಗಾದಿಂದ ತೆಳ್ಳಗ ಜೋರಿಲೆ ಸುತ್ತಲೂ ಹರೀತದ. ಸ್ವಲ್ಪ ದೂರ ಹೋಗಿ ಒಮ್ಮೆಲೆ ದಪ್ಪ ಬಳಿಯಂಗ ಎದ್ದು ನಿಧಾನ ಆಗ್ತದ. ಸೂರ್ಯನಿಂದ ಬಿ ಹಿಂಗ ಯಾವಾಗಲೂ ಒಂದು ಗಾಳಿ ಹೊರಗ ಬೀಸ್ತದಂತ, ಸೌರ ಮಾರುತ. ಅದು ಬಳಿಯಂಗ ನಿಧಾನ ಆಗೋ ಜಾಗಾ ವಾಯೇಜರ್ 1 ದಾಟಿದ್ದು 2004ರಾಗ. ಆ ಗಾಳಿ ಪೂರ್ತಿ ಸೋತು, ಹೊರಗಿನ ನಕ್ಷತ್ರಗಳ ನಡುವಿನ ಜಾಗಾ ಸುರು ಆಗೋ ಅಂಚು ದಾಟಿದ್ದು 2012ರ ಆಗಸ್ಟಿನ್ಯಾಗ. ವಾಯೇಜರ್ 2 ದಾಟಿದ್ದು 2018ರ ನವೆಂಬರಿನ್ಯಾಗ. ಅಷ್ಟಾದ್ರೂ ಸೂರ್ಯನ ಸೆಳೆತ ಮುಗಿದಿಲ್ಲ. ಧೂಮಕೇತು ಬರೋ ಊರ್ಟ್ ಮೋಡದ ಒಳಗಿನ ಅಂಚು ಮುಟ್ಟಲಾಕೇ ಇನ್ನಾ ಸುಮಾರು 300 ವರ್ಷ ಬೇಕಂತ.

ಸಾಲಿ ಹುಡುಗುರಿಗಿ ಆಕಿ ಹೆಜ್ಜಿ ಲೆಕ್ಕ ಕಲಿಸಿದಳು. ಸೂರ್ಯನಿಂದ ಭೂಮಿ 15 ಕೋಟಿ ಕಿಲೋಮೀಟರ್. ಅದನ್ನ ಒಂದು ಹೆಜ್ಜಿ ಅಂತ ಹಿಡೀರಿ. ನೆಪ್ಚೂನ್ 30 ಹೆಜ್ಜಿ. ವಾಯೇಜರ್ 1 ಈಗ 170 ಹೆಜ್ಜಿ ಹತ್ರ. ಸಾಲಿ ಗೇಟ್ ದಾಟಿ ಒಂದೀಟು ಹೋಗ್ಯಾದ, ಅಷ್ಟೇ. ಸೂರ್ಯನ ಬಿಟ್ರ ನಮಗ ಸಮೀಪದ ನಕ್ಷತ್ರಕ್ಕ ಸುಮಾರು ಎರಡು ಲಕ್ಷ ಎಪ್ಪತ್ತು ಸಾವಿರ ಹೆಜ್ಜಿ. ಚಿಂಚೋಳಿಯಿಂದ ನಡದ್ರ ಹೈದರಾಬಾದ್ ಹಿಂದ ಹಾಕಿ ಹೋಗಬೇಕು. ಅದು ಸೆಕೆಂಡಿಗಿ 17 ಕಿಲೋಮೀಟರ್ ಓಡ್ತದ, ಆದ್ರೂ 48 ವರ್ಷದಾಗ ಗೇಟಿನ ತನಕ.

ಇನ್ನ ಮುಂದಿನ ಮಾತು ಬರೀಲಾಕ ನನಗ ಸ್ವಲ್ಪ ಜಡ ಅನಸ್ತದ.

2023ರ ಡಿಸೆಂಬರಿನ್ಯಾಗ ಅಪ್ಪಗ ಲಕ್ವಾ ಹೊಡೀತು. ಬಲಗೈ ಬಲಗಾಲು ಹೋತು, ಮಾತು ಹೋತು. ಕಲಬುರಗಿ ದವಾಖಾನಿಯಿಂದ ವಾಡಿ ಮನಿಗಿ ತಂದ ಮ್ಯಾಲ ದನಿ ಬಂತು, ಆದ್ರ ಮಾತು ಒಂದೇ. "ಬಂದ್ ಮಾಡು." ಚಾ ಬೇಕೇನಂದ್ರ ಬಂದ್ ಮಾಡು. ಬ್ಯಾನಿ ಅದೇನಂದ್ರ ಬಂದ್ ಮಾಡು. ಅಂವಗ ನಮ್ಮ ಮಾತು ತಿಳೀತಿತ್ತು, ಅಂವ ಹೇಳಬೇಕಂದಿದ್ದು ಬಾಯಿಗಿ ಬರ್ತಿರಲಿಲ್ಲ. ನಾ ಅಲ್ಲೇ ಇದ್ದು ಶಿವರಾತ್ರಿ ಮುಗಿಸಿ ಸೇಡಂಕ ಬಂದೆ. ಮುಂಜಾನಿ ಫೋನ್ ಹಚ್ಚಿದ್ರ ವೈನಿ ಅಪ್ಪನ ಕಿವಿಗಿ ಹಿಡೀತಿದ್ದಳು. "ಯಪ್ಪಾ, ನಾ ಮಾತಾಡ್ಲಾಕತ್ತೀನಿ" ಅಂದ್ರ ಆ ಕಡಿಂದ "ಬಂದ್ ಮಾಡು, ಬಂದ್ ಮಾಡು." ಫೋನ್ ಬಂದ್ ಮಾಡು ಅಂತ ನನಗೇ ಬೈದಂಗ ಕೇಳಸ್ತಿತ್ತು. ಅಲ್ಲ ಅಂತ ಬುದ್ಧಿಗಿ ಗೊತ್ತಿತ್ತು, ಮನಸು ಒಪ್ಪಲಿಲ್ಲ. ಏಪ್ರಿಲ್ ತಿಂಗಳದಾಗ ನಾ ಫೋನ್ ಮಾಡೋದು ಬಿಟ್ಟೆ. ಹದಿನೆಂಟು ದಿನ. ಅಣ್ಣ ಕೇಳಿದ್ರ ಸೆಕಿ, ಉಪ್ಪಿನಕಾಯಿ ಹಾಕೋದದ, ಶಂಡಗಿ ಅವ ಅಂತ ಹೇಳಿದೆ. ಸೇಡಂದಿಂದ ವಾಡಿ ರೈಲಿನ್ಯಾಗ ಒಂದು ತಾಸಿನ ದಾರಿ.

ಆಗ ಒಂದಿನ ಮಗಳ ಫೋನ್ ಬಂತು. "ಅವ್ವಾ, ವಾಯೇಜರ್ ಮತ್ತ ಮಾತಾಡ್ಲಾಕತ್ತದ!"

ನನಗ ಅದು ಸುಮ್ಮನಾಗಿದ್ದೇ ಗೊತ್ತಿರಲಿಲ್ಲ. ಆಕಿ ಹೇಳಿದಳು. 2023ರ ನವೆಂಬರಿನ್ಯಾಗ ವಾಯೇಜರ್ 1ರ ಮಾತು ಕೆಟ್ಟಿತ್ತು. ರೇಡಿಯೋ ನಡೀತಿತ್ತು, ಇಲ್ಲಿಂದ ಹೇಳಿದ್ದು ಅದಕ್ಕ ಮುಟ್ಟತಿತ್ತು, ಅಲ್ಲಿಂದ ಬರೋದು ಮಾತ್ರ ಒಂದೇ ಸಮ ಅದೇ ಅದೇ ಒಂದು-ಸೊನ್ನಿ, ಅರ್ಥ ಇಲ್ಲ. ಅದರ ಮೂರು ಕಂಪ್ಯೂಟರಿನ್ಯಾಗ, ಸುದ್ದಿ ಕೂಡಿಸಿ ಕಳಿಸೋ ಒಂದರ ನೆನಪಿನ ಚಿಪ್ ಸತ್ತಿತ್ತು. ಅಲ್ಲಿಗಿ ಹೋಗಿ ರಿಪೇರಿ ಮಾಡಲಾಕ ಬರಂಗಿಲ್ಲ. ಒಂದು ಮಾತು ಹೋಗಲಾಕ ಇಪ್ಪತ್ತೆರಡೂವರಿ ತಾಸು, ಉತ್ತರ ಬರಲಾಕ ಅಷ್ಟೇ. ಮಾಡಿದವರಾಗ ಭಾಳ ಮಂದಿ ನಿವೃತ್ತಿ ಆಗ್ಯಾರ, ಕೆಲವರು ತೀರಿ ಹೋಗ್ಯಾರ. ಇದ್ದವರು ಐವತ್ತು ವರ್ಷದ ಹಳೇ ಕಾಗದ ತೆಗೆದು ಓದಿದ್ರು. ಮಾರ್ಚಿನ್ಯಾಗ ಒಂದು ಸಣ್ಣ ಸಂದೇಶ ಕಳಿಸಿ ತಟ್ಟಿ ಎಬ್ಬಿಸಿದಂಗ ಮಾಡಿದ್ರು. ಬಂದ ಉತ್ತರದಾಗ ಒಂದೀಟು ಫರಕು ಇತ್ತು. ಅದನ್ನ ಹಿಡಕೊಂಡು ಯಾವ ಜಾಗಾ ಕೆಟ್ಟಾದ ಅಂತ ಹುಡುಕಿದ್ರು. ಆ ಚಿಪ್ಪಿನ್ಯಾಗ ಇದ್ದ ಬರಹ ಪೂರ್ತಿ ಹಿಡಿಯೋ ಅಷ್ಟು ದೊಡ್ಡ ಖಾಲಿ ಜಾಗಾ ಬ್ಯಾರೆ ಎಲ್ಲೂ ಇರಲಿಲ್ಲ. ತುಂಡು ತುಂಡು ಮಾಡಿ, ಇದ್ದ ಸಂದಿಯಾಗ ಅಲ್ಲೊಂದು ಇಲ್ಲೊಂದು ಇಟ್ಟು, ಒಂದಕ್ಕೊಂದು ದಾರಿ ಹಚ್ಚಿದ್ರು. ಏಪ್ರಿಲ್ 18ಕ್ಕ ಕಳಿಸಿದ್ರು, 20ಕ್ಕ ಉತ್ತರ ಬಂತು. ಐದು ತಿಂಗಳ ಮ್ಯಾಲ ತಿಳಿಯೋ ಮಾತು.

"ಐದು ತಿಂಗಳ ಅಷ್ಟೂ ಮಂದಿ ಬಿಡದ ಕೇಳ್ಕೋತ ಕುಂತಿದ್ರು ಅವ್ವಾ" ಅಂದಳು ಮಗಳು. ಆಕಿಗಿ ನನ್ನ ಹದಿನೆಂಟು ದಿನ ಗೊತ್ತಿರಲಿಲ್ಲ. ಹಿಂದಿನ ವರ್ಷ ವಾಯೇಜರ್ 2ರದು ಬಿ ಹಿಂಗೇ ಆಗಿತ್ತಂತ. ಒಂದು ತಪ್ಪು ಆದೇಶ ಹೋಗಿ ಅದರ ಆಂಟೆನಾ ಭೂಮಿಯಿಂದ ಎರಡೇ ಎರಡು ಡಿಗ್ರಿ ಮಾರಿ ತಿರುವಿತು, ಎರಡು ವಾರ ಮಾತು ಕಡದು ಹೋತು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಿಂದ ಜೋರಿಲೆ ಕೂಗಿದಂಗ ಸಂದೇಶ ಕಳಿಸಿ ಹೊಳ್ಳಿಸಿದ್ರು. ಎರಡೇ ಡಿಗ್ರಿ! ನಾ ಫೋನ್ ಇಟ್ಟು ಸೆರಗಿನಿಂದ ಕಣ್ಣು ಒರಸಿಕೊಂಡೆ. ಮರುದಿನ ಮುಂಜಾನಿ ನಮ್ಮನಿಯವರಿಗಿ ರೊಟ್ಟಿ ಹಿಂಡಿ ಮಾಡಿಟ್ಟು ವಾಡಿ ರೈಲು ಹತ್ತಿದೆ.

ಮಾತಿನ ಡಾಕ್ಟರ್ ಮೊದಲೇ ಹೇಳಿದ್ರು, ನಾವೇ ಕಿವಿಗಿ ಹಾಕ್ಕೊಂಡಿರಲಿಲ್ಲ. ನೇರ ಮಾತು ಬರಲಿಲ್ಲಂದ್ರೂ ಬಾಯಿಪಾಠ ಇದ್ದಿದ್ದು ಎಷ್ಟೋ ಮಂದಿಗಿ ಉಳೀತದ. ಎಣಿಕಿ, ವಾರದ ಹೆಸರು, ಮಂತ್ರ, ಹಾಡು. ಅದರ ಜೋಡಿ ಹೋಗ್ರಿ ಅಂದಿದ್ರು. ನಾ ಅಪ್ಪನ ಎಡಗೈ ಹಿಡದು ಸುರು ಮಾಡಿದೆ. ಸೋಮವಾರ, ಮಂಗಳವಾರ... ನಾಕನೇ ದಿನಕ್ಕ "ಬುಧವಾರ" ಅಂತ ಅಂವ ಕೂಡಿಸಿದ. ಅಣ್ಣ ಬಾಗಲದಾಗ ನಿಂತಾಂವ ಹಂಗೇ ಕುಂತು ಬಿಟ್ಟ. ಆಮ್ಯಾಲ ಅಣ್ಣನೇ ಸ್ಟೇಷನ್ ಹೆಸರು ಸುರು ಮಾಡಿದ. ಅಪ್ಪ ಮೂವತ್ತಾರು ವರ್ಷ ದಿನಾ ಅಂದ ಹೆಸರು.

ಮೇ ತಿಂಗಳದಾಗ ಒಂದಿನ ಅಣ್ಣನ ಮೊಮ್ಮಗ, ಮೂರು ವರ್ಷದಾಂವ, ನನ್ನ ಕಡಿ ಬೆರಳು ಮಾಡಿ, "ಮುತ್ಯಾ, ಇಕಿ ಯಾರು?" ಅಂತ ಕೇಳಿದ. ಅಪ್ಪ ನನ್ನ ಮಾರಿ ನೋಡಿದ. ತುಟಿ ಅಲುಗಾಡಿದ್ವು, ನನ್ನ ಹೆಸರು ಬರಲಿಲ್ಲ. "ಬಂದ್..." ಅಂದ, ತಲಿ ಅಲ್ಲಾಡಿಸಿ ಬಿಟ್ಟ. ಭಾಳ ಹೊತ್ತು ಆತು. ಆಮ್ಯಾಲ ಸಾವಕಾಶ ಅಂದ, "ವಾಡಿ... ಚಿತ್ತಾಪುರ... ಮಳಖೇಡ ರೋಡ್... ಸೇಡಂ." ಅಲ್ಲಿಗಿ ನಿಂತ. ಮುಂದ ತಾಂಡೂರು ಅನ್ನಲಿಲ್ಲ. ನನ್ನ ಕೈ ಒತ್ತಿ ಮತ್ತೊಮ್ಮೆ ಅಂದ, "ಸೇಡಂ."

ಅವತ್ತಿನಿಂದ ನನ್ನ ಹೆಸರು ಅದೇ.

ಈಗ ಮುಂಜಾನಿ ಆರೂವರಿಗಿ ಫೋನ್ ಹಚ್ಚಿ "ಯಪ್ಪಾ" ಅಂತೀನಿ. ಆ ಕಡಿ ಸುಮ್ಮನಿರ್ತದ. ನಾ ಅವಸರ ಮಾಡಂಗಿಲ್ಲ, ಒಲಿ ಸಣ್ಣ ಮಾಡಿ ಕುಂದರ್ತೀನಿ. ವಾಡಿಯಿಂದ ಗಾಡಿ ಹೊಂಟು ಒಂದೊಂದೇ ಸ್ಟೇಷನ್ ದಾಟಿ ನನ್ನ ತನಕ ಬರಬೇಕಲ್ಲ. 2026ರ ನವೆಂಬರ್ ಹೊತ್ತಿಗಿ ವಾಯೇಜರ್ 1ಕ್ಕ ಒಂದು ಮಾತು ಮುಟ್ಟಲಾಕ ಪೂರಾ ಒಂದು ದಿನ ಬೇಕಾಗ್ತದಂತ. ಸೋಮವಾರ ಕೇಳಿದ್ರ ಬುಧವಾರ ಉತ್ತರ. ಅವರು ಕಾಯ್ತಾರಂದ್ರ ನನಗೇನು ಎರಡು ನಿಮಿಷ.

ಅಪ್ಪನ ಶಕ್ತಿ ಬಿ ವರ್ಷಾ ಕಮ್ಮಿ ಆಗ್ಲಾಕತ್ತದ. ಗೋಡಿ ಹಿಡದು ನಡೀತಿದ್ದ, ಅದು ಬಿಟ್ಟ. ಪೇಪರ್ ತಿರುವಿ ಹಾಕ್ತಿದ್ದ, ಅದು ಬಿಟ್ಟ. ಒಂದು ಕಿವಿ ಕೇಳಂಗಿಲ್ಲ. ಮೊದಲು ಇದಕ್ಕೆಲ್ಲಾ ನಾ ಜಗಳಾಡತಿದ್ದೆ, ನಡಸ್ರಿ, ಕುಂದರಿಸ್ರಿ ಅಂತ ಅಣ್ಣ ವೈನಿ ಮ್ಯಾಲ ಹಾಯ್ತಿದ್ದೆ. ಈಗ ಬಿಟ್ಟೀನಿ. 2024ರಾಗ ವಾಯೇಜರ್ 2ರ ಒಂದು ಉಪಕರಣ ಬಂದ್ ಮಾಡಿದ್ರು, 2025ರ ಫೆಬ್ರುವರಿಯಾಗ ವಾಯೇಜರ್ 1ರದು ಒಂದು, ಮಾರ್ಚಿನ್ಯಾಗ ವಾಯೇಜರ್ 2ರದು ಇನ್ನೊಂದು. ಕೆಟ್ಟಿದ್ದಕ್ಕ ಬಂದ್ ಮಾಡಿದ್ದಲ್ಲ, ಉಳದಿದ್ದು ನಡೀಲಿ ಅಂತ. ಅಪ್ಪನ ಮೈಯಾಗ ಇರೋ ಈಟು ಶಕ್ತಿ ನಡಿಯೋದಕ್ಕ ಖರ್ಚಾಗೋದಕ್ಕಿಂತ ಮುಂಜಾನಿ ನಾಕು ಹೆಸರಿಗಿ ಉಳೀಲಿ.

ಒಂದಿನ ವಾಯೇಜರ್ ಸುಮ್ಮನಾಗ್ತದ. ಆದ್ರ ಹೋಗೋದು ನಿಂದ್ರಂಗಿಲ್ಲ, ತಿಕ್ಕಲಾಕ ಅಲ್ಲಿ ಏನೂ ಇಲ್ಲ. ನಮ್ಮಪ್ಪಂದು ಬಿ ಒಂದು ಮುಂಜಾನಿ ಬರ್ತದ, ಗೊತ್ತದ. ಅದನ್ನ ಇವತ್ತೇ ನೆನಸಿ ಫೋನ್ ಇಡಬಾರದು ಅನ್ನೋ ಬುದ್ಧಿ ನನಗ ತಡ ಆಗಿ ಬಂತು. ನಿಮ್ಮನ್ಯಾಗ ಬಿ ಇಂಥವರು ಯಾರರ ಇದ್ರ, ಅವರ ಮಾತು ತಿಳಿಯಲಾರದಕ್ಕ ನೀವು ದೂರ ಸರದಿದ್ರ, ಇವತ್ತು ಒಂದು ಫೋನ್ ಹಚ್ಚಿ ನೋಡ್ರಿ. ಹಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೇಳ್ರಿ.

ನಿನ್ನಿ ರಾತ್ರಿ ಮತ್ತ ಕರೆಂಟ್ ಹೋಗಿತ್ತು. ಮುಂಜಾನಿ ಎದ್ದು ನೋಡಿದ್ರ ಬ್ಯಾಟ್ರಿ ಕೆಳಗ ಬಂದಿತ್ತು, ಫೋನಿನ್ಯಾಗ ಮಾತ್ರ ಚಾರ್ಜ್ ಇತ್ತು. ಹಚ್ಚಿದೆ. ಚಿತ್ತಾಪುರದಾಗ ಅಪ್ಪ ಭಾಳ ಹೊತ್ತು ನಿಂತ, ಸಿಗ್ನಲ್ ಸಿಕ್ಕಿರಲಿಲ್ಲ ಅನಸ್ತದ. ಆಮ್ಯಾಲ ಬಂದ.